75ನೇ ವರ್ಷಕ್ಕೆ ನಮ್ಮೂರಿನ ಒಂದು ಗದ್ದೆಯ ಕಥೆ

2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಅಂತ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಒಂದು ಕಾರ್ಯಕ್ರಮ ಮಾಡಿದೆವು. ಒಂದು ತಾಳಮದ್ದಳೆ, ಒಂದು ಗೋಡೆ ತುಂಬ ಹಸೆ ಚಿತ್ತಾರ, ಹಳೆ ಕಾಗದಪತ್ರಗಳ ಸಣ್ಣ ಪ್ರದರ್ಶನ. ಭಾಷಣ ತೀರಾ ಕಡಿಮೆ. ಅದನ್ನು ಹೇಗೆ ಮಾಡಿದಿರಿ, ಜಗಳ ಆಗಲಿಲ್ವಾ ಅಂತ ಆಚೀಚೆ ಊರಿನವರು ಈಗಲೂ ಕೇಳುತ್ತಾರೆ. ಫೋನಲ್ಲಿ ಎಷ್ಟು ಸಲ ಹೇಳುವುದು, ಅದಕ್ಕೇ ಬರೆಯುತ್ತಿದ್ದೇನೆ. ಜಗಳ ಆಯಿತು, ಅದನ್ನೂ ಹೇಳುತ್ತೇನೆ.

ದೇಶದ ಮಟ್ಟದಲ್ಲಿ ಈ ಮಹೋತ್ಸವ ಶುರುವಾಗಿದ್ದು 2021ರ ಮಾರ್ಚ್ 12ಕ್ಕೆ, ದಂಡಿ ಯಾತ್ರೆ ಹೊರಟ ದಿನ, ಸಾಬರಮತಿಯಲ್ಲಿ. ಅಲ್ಲಿಂದ 75 ವಾರ ಲೆಕ್ಕ ಹಾಕಿಕೊಂಡು 2022ರ ಆಗಸ್ಟ್ 15ಕ್ಕೆ ತಲುಪುವುದು ಅಂತ ಯೋಜನೆ. ನಮ್ಮ ಕಡೆ ಅದರ ಬಿಸಿ ತಟ್ಟಿದ್ದು ಕೊನೆಯ ಬೇಸಿಗೆಯಲ್ಲಿ. ಸೊಸೈಟಿ ಕಟ್ಟಡದ ಮಾಳಿಗೆಯಲ್ಲಿ ಸಭೆ ಸೇರಿದೆವು. ಹೈಸ್ಕೂಲಿನ ಮೇಷ್ಟ್ರು, ಸೊಸೈಟಿಯವರು, ಯುವಕ ಸಂಘ, ಮಹಿಳಾ ಮಂಡಳ, ಯಕ್ಷಗಾನದ ಹವ್ಯಾಸಿಗಳು, ಹೀಗೆ. ಮೊದಲು ಬಂದ ಸಲಹೆಗಳು ಎಲ್ಲರಿಗೂ ಗೊತ್ತಿರುವಂಥವೇ. ಪ್ರಭಾತ ಫೇರಿ ಮಾಡೋಣ, ಪ್ರಬಂಧ ಸ್ಪರ್ಧೆ ಇಡೋಣ, ಮಕ್ಕಳಿಗೆ ಗಾಂಧಿ, ಭಗತ್ ಸಿಂಗ್, ಕಿತ್ತೂರು ಚೆನ್ನಮ್ಮನ ವೇಷ ಹಾಕಿಸೋಣ. ವೇಷ ಹಾಕಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಪ್ರತಿ ವರ್ಷ ಅದೇ ಬೋಳುತಲೆ ಟೋಪಿ, ಅದೇ ಹುರಿಮೀಸೆ. ಅಷ್ಟರಲ್ಲಿ ಮಹಿಳಾ ಮಂಡಳದ ಅಕ್ಕ ಒಬ್ಬರು ಕೇಳಿದರು, "ಮಾವಿನಗುಂಡಿಯಲ್ಲಿ ಹೆಂಗಸರದ್ದು ಸ್ಮಾರಕ ಇದ್ದಲ್ಲ, ಅದು ಯಾಕೆ ಅಂತ ಈ ಮಕ್ಕಳಿಗೆ ಯಾರಾದ್ರೂ ಹೇಳಿದ್ದೀರಾ?" ಜೋಗಕ್ಕೆ ಹೋಗುವ ದಾರಿಯಲ್ಲಿ ಎಲ್ಲರೂ ಅದರ ಮುಂದೆ ಬಸ್ಸಲ್ಲಿ ಹಾದು ಹೋದವರೇ. ಯಾರೂ ಬಾಯಿ ಬಿಡಲಿಲ್ಲ.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1930ರ ಏಪ್ರಿಲ್ 13ಕ್ಕೆ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿ ಕಾಯ್ದೆ ಮುರಿದರು. ಅದೇ ವರ್ಷ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಜನ ಸಾವಿರಗಟ್ಟಲೆ ನುಗ್ಗಿದರು. ಇದು ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಇರುತ್ತದೆ. ಅದರ ನಂತರದ್ದು ಕರನಿರಾಕರಣೆ. ಅಂಕೋಲೆ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ 1931ರಲ್ಲಿ ಒಂದು ಸಲ, 1932ರಲ್ಲಿ ಇನ್ನೂ ಜೋರಾಗಿ, ನೂರಾರು ಕುಟುಂಬಗಳು ಭೂಕಂದಾಯ ಕಟ್ಟುವುದಿಲ್ಲ ಅಂತ ಕೂತವು. ಸರ್ಕಾರ ಮೊದಲು ಪಾತ್ರೆ-ಪಗಡೆ, ದನ-ಕರು ಜಪ್ತಿ ಮಾಡಿತು. ಆಮೇಲೆ ಜಮೀನು. ಜಪ್ತಿಯಾದ ಜಮೀನನ್ನು ಹರಾಜು ಹಾಕಿತು.

ಹರಾಜು ಅಂದ ಮೇಲೆ ಕೊಂಡವರೂ ಇರಬೇಕಲ್ಲ. ಇಡೀ ಕಥೆಯ ಗಂಟು ಇರುವುದು ಇಲ್ಲೇ. 1931ರ ಮಾರ್ಚ್‌ನಲ್ಲಿ ಆದ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಸರ್ಕಾರದ ಕೈಯಲ್ಲಿ ಇನ್ನೂ ಉಳಿದಿದ್ದ ಜಮೀನು ವಾಪಸ್ ಕೊಡುವ ಮಾತಿತ್ತು. ಬೇರೆಯವರಿಗೆ ಮಾರಿಬಿಟ್ಟಿದ್ದರೆ ಅದು ಮುಗಿದ ವ್ಯವಹಾರ ಅಂತಲೂ ಅದರಲ್ಲೇ ಇತ್ತು. ಅಂದರೆ ಜೈಲಿಂದ ಬಂದವನ ತೋಟ ಪಕ್ಕದ ಮನೆಯವನ ಹೆಸರಲ್ಲಿ. ಆಗ ಹೆಂಗಸರು ಎದ್ದರು. ಜಪ್ತಿ ಮಾಲು, ಜಮೀನು ಕೊಂಡವರ ಮನೆ ಬಾಗಿಲಲ್ಲಿ ಹೋಗಿ ಉಪವಾಸ ಕೂತರು. ಮಾವಿನಗುಂಡಿಯ ಸ್ಮಾರಕ ಅದಕ್ಕೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಳೆದುಕೊಂಡವರಿಗೆ ಜಮೀನು ಮರಳಿ ಸಿಗುವ ದಾರಿ ಆಯಿತು.

ಇಷ್ಟು ಗೊತ್ತಿದ್ದವರು ಸಭೆಯಲ್ಲಿ ಒಬ್ಬಿಬ್ಬರು. ಉಳಿದವರಿಗೆ ತಮ್ಮ ತಮ್ಮ ಮನೆಯ ತುಣುಕು ಗೊತ್ತು, ಅಷ್ಟೇ. ಸರಿ, ಮನೆ ಮನೆಗೆ ಹೋಗಿ ನೆನಪು ರೆಕಾರ್ಡ್ ಮಾಡೋಣ ಅಂತ ತೀರ್ಮಾನ ಆಯಿತು. ಫೋನು ಸಾಕು, ಬೇರೆ ಯಂತ್ರ ಏನೂ ಬೇಡ. ಹೈಸ್ಕೂಲಿನ ಮಕ್ಕಳು ಜೊತೆಗೆ ಬಂದರು.

ಇದನ್ನು ಮಾಡಬೇಕು ಅಂತಿರುವವರಿಗೆ ಒಂದು ಮಾತು. ಕೇಳುವ ಪ್ರಶ್ನೆ ತುಂಬ ಮುಖ್ಯ. "ನಿಮ್ಮ ಅಜ್ಜ ಸ್ವಾತಂತ್ರ್ಯ ಹೋರಾಟದಲ್ಲಿ ಏನು ಮಾಡಿದರು?" ಅಂತ ಕೇಳಿದರೆ ಎಂಬತ್ತು ದಾಟಿದ ಅಜ್ಜಂದಿರೂ ಭಾಷಣದ ಧಾಟಿಗೆ ಹೋಗುತ್ತಾರೆ. ಮಹಾತ್ಮ ಗಾಂಧೀಜಿಯವರ ಕರೆಗೆ ಓಗೊಟ್ಟು ಅಂತ ಶುರುಮಾಡಿದರೆ ಮುಗೀತು. "ಜಪ್ತಿಗೆ ಬಂದಾಗ ಹಂಡೆ ಎಲ್ಲಿ ಅಡಗಿಸಿದ್ದರಂತೆ?" ಅಂತ ಕೇಳಿ ನೋಡಿ. ಮುಖವೇ ಬದಲಾಗುತ್ತದೆ. ನಮ್ಮ ಮಕ್ಕಳಿಗೆ ಅದೇ ಒಂದು ಪ್ರಶ್ನೆ ಕಲಿಸಿ ಕಳಿಸಿದೆವು.

ಒಬ್ಬರು ಅಜ್ಜಿ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಅವರಿಗೆ ಅದು ಅವರ ಅತ್ತೆ ಹೇಳಿದ್ದು. ಜಪ್ತಿಯವರು ಬರುತ್ತಾರೆ ಅಂತ ಸುದ್ದಿ ಬಂದ ಕೂಡಲೇ ತಾಮ್ರದ ಹಂಡೆಯನ್ನು ಗೊಬ್ಬರಗುಂಡಿಯಲ್ಲಿ ಇಳಿಸಿ ಮೇಲೆ ಸೊಪ್ಪು ಹಾಕಿದರು. ಹಿತ್ತಾಳೆ ಕೊಡ ಬಾವಿಗೆ. ದನಗಳನ್ನು ರಾತ್ರಿಯೇ ಮೈಸೂರು ಸೀಮೆಗೆ, ಅಂದರೆ ಸಾಗರದ ಕಡೆಯ ನೆಂಟರ ಮನೆಗೆ ಹೊಡೆದರು. ನಮ್ಮಿಂದ ಅದು ನಡೆದು ಹೋಗುವ ದೂರ, ಆದರೆ ಆಗ ರಾಜ್ಯ ಬೇರೆ. ಆಮೇಲೆ ಮಣ್ಣಿನ ಮಡಕೆಯಲ್ಲೇ ಅಡುಗೆ, ಅಡಿಕೆ ಹಾಳೆಯಲ್ಲೇ ಊಟ. ಅತ್ತೆಗೆ ಬೇಜಾರಾಗಿದ್ದು ಹಂಡೆಗೂ ಅಲ್ಲ, ದನಕ್ಕೂ ಅಲ್ಲವಂತೆ. ತವರಿನಿಂದ ತಂದ ಒಂದು ಸಣ್ಣ ಬೆಳ್ಳಿ ಕುಂಕುಮದ ಬಟ್ಟಲು ದೇವರ ಗೂಡಲ್ಲೇ ಉಳಿದುಹೋಗಿತ್ತು, ಅದು ಪಂಚನಾಮೆಗೆ ಸೇರಿತು. ಹರಾಜಿನ ನಂತರ ಅದೇ ಊರಿನ ಇನ್ನೊಂದು ಮನೆಯ ಅರಿಶಿನ-ಕುಂಕುಮಕ್ಕೆ ಹೋದಾಗ ಅವರ ಮುಂದೆ ಅದೇ ಬಟ್ಟಲು ಹಿಡಿದರಂತೆ. "ಅತ್ತೆ ಹಚ್ಚಿಕೊಂಡ್ಲಾ ಇಲ್ವಾ?" ಅಂತ ಮಕ್ಕಳು ಕೇಳಿದರು. ಅಜ್ಜಿ, "ಹಚ್ಚಿಕೊಂಡ್ಲು. ಕುಂಕುಮ ಬೇಡ ಅನ್ನುಕ್ಕಾಗ್ತಾ?" ಅಂದರು. ಯಾರ ಮನೆ ಅಂತ ಮಾತ್ರ ಹೇಳಲಿಲ್ಲ. ಕೊನೆಗೂ "ಆ ಮನೆ" ಅಂದರು, ಅಷ್ಟೇ.

"ಆ ಮನೆ" ಯಾವುದು ಅಂತ ದೊಡ್ಡವರಿಗೆಲ್ಲ ಗೊತ್ತು. ಆ ಮನೆಯ ಮೊಮ್ಮಗ ನಮ್ಮ ಸಮಿತಿಯಲ್ಲೇ ಇದ್ದರು. ಒಳ್ಳೆಯ ಮನುಷ್ಯ, ಊರಿನ ಯಾವ ಕೆಲಸಕ್ಕೂ ಮುಂದೆ. ಶಾಲೆಯ ಜಗಲಿ ರಿಪೇರಿಗೆ ಅವರೇ ಜಾಸ್ತಿ ವಂತಿಗೆ ಕೊಟ್ಟವರು. ಜಗಳ ಆಗಿದ್ದು ಈ ವಿಷಯಕ್ಕೆ. ರೆಕಾರ್ಡ್ ಮಾಡಿದ್ದನ್ನೆಲ್ಲ ಒಟ್ಟಿಗೆ ಕೂತು ಕೇಳುವಾಗ ಹರಾಜಿನ ಮಾತು ಮನೆ ಮನೆಯಲ್ಲೂ ಬಂದಿತ್ತು. ಕೆಲವರು "ಅದೆಲ್ಲ ಬೇಡ, ಉಪವಾಸ ಕೂತಿದ್ದು ಹೇಳೋಣ, ಯಾರ ಮನೆ ಮುಂದೆ ಅಂತ ಬಿಡೋಣ" ಅಂದರು. ಇನ್ನು ಕೆಲವರು "ಸುಳ್ಳು ಹೇಳಿ ಅಮೃತ ಮಹೋತ್ಸವ ಮಾಡುವುದಾದರೆ ನಾವು ಬರಲ್ಲ" ಅಂತ ಎದ್ದರು. ಒಬ್ಬರು ಕೊಂಡವರ ಪಟ್ಟಿ ಮಾಡಿ ಬೋರ್ಡ್ ಹಾಕಬೇಕು ಅಂದುಬಿಟ್ಟರು. ಮಾತು ಜೋರಾಯಿತು, ಚಹಾ ತಣ್ಣಗಾಯಿತು.

ಆ ಮೊಮ್ಮಗ ಅಲ್ಲಿಯವರೆಗೆ ಸುಮ್ನೆ ಕೂತಿದ್ದರು. ಕೊನೆಗೆ ಅಂದರು: "ಹೇಳಿ, ನಂದೇನೂ ಅಡ್ಡಿ ಇಲ್ಲೆ. ಆದರೆ ಅಜ್ಜ ಯಾಕೆ ತಗೊಂಡ ಅಂತಲೂ ಹೇಳಿ. ಅದು ನಿಮಗೆ ಗೊತ್ತಿದ್ದರೆ." ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ.

ಹಾಗಾಗಿ ಕಾಗದ ಹುಡುಕಲು ಹೋದೆವು. ಇದರ ಬಗ್ಗೆ ಉದ್ದ ಬರೆಯುವುದಿಲ್ಲ, ಅರ್ಜಿ ಹಾಕಿ ನಕಲು ತೆಗೆಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಒಂದೇ ಸೂಚನೆ, ಹಳೆಯ ಸರ್ವೆ ನಂಬರ್ ಮೊದಲು ಮನೆಯಲ್ಲೇ ಪತ್ತೆ ಮಾಡಿಕೊಂಡು ಹೋಗಿ. ಹೆಸರು ಹೇಳಿ ಹುಡುಕಿಸಿದರೆ ಒಂದೇ ಹೆಸರಿನ ಅಜ್ಜಂದಿರು ಊರಿಗೆ ನಾಲ್ಕು ಜನ ಇರುತ್ತಾರೆ. ನಾವು ಒಂದೇ ಒಂದು ಗದ್ದೆಯನ್ನು ಹಿಡಿದುಕೊಂಡೆವು, ಶಾಲೆಯ ಹಿಂದಿನದ್ದು, ಎಲ್ಲ ಮಕ್ಕಳೂ ದಿನಾ ದಾಟಿ ಬರುವಂಥದ್ದು. ಅದರ ಹಳೆಯ ಕೈಬರಹದ ಪ್ರತಿಗಳು, ಹಕ್ಕು ಬದಲಾದ ನಮೂದುಗಳು, ಒಂದಿಷ್ಟು ಆ ಮನೆಯ ಪೆಟ್ಟಿಗೆಯಲ್ಲಿ, ಒಂದಿಷ್ಟು ಈ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕವು. ಕಾಗದ ಹಳದಿಯಾಗಿ ಮಡಿಕೆಯಲ್ಲೇ ಹರಿದಿತ್ತು. ಶಾನುಭೋಗರ ಬರಹ ಓದಲು ನಿವೃತ್ತ ಗುಮಾಸ್ತರೊಬ್ಬರನ್ನು ಕರೆದೆವು. ಒಬ್ಬ ಮಾಲೀಕನ ಹೆಸರಿಗೆ ಅಡ್ಡಗೆರೆ, ಪಕ್ಕದಲ್ಲಿ ಸರ್ಕಾರ ಅಂತ. ಅದರ ಕೆಳಗೆ ಹರಾಜಿನಲ್ಲಿ ಕೊಂಡವರ ಹೆಸರು. ಅದಕ್ಕೂ ಒಂದು ಅಡ್ಡಗೆರೆ, ಮತ್ತೆ ಮೊದಲಿನವರ ಮಗನ ಹೆಸರು. ತುಂಬ ಕೆಳಗೆ, ಬೇರೆ ಶಾಯಿಯಲ್ಲಿ, ಗೇಣಿ ಮಾಡುತ್ತಿದ್ದವರ ಹೆಸರು. ಉಳುವವನೇ ಒಡೆಯ ಅನ್ನುವ 1974ರ ಭೂಸುಧಾರಣೆ ಜಾರಿಯಾದಾಗ ನಮೂನೆ 7ರ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಗದ್ದೆ ಕೊನೆಗೆ ಅವರದ್ದಾಯಿತು. ಈಗ ಉಳುತ್ತಿರುವುದು ಅವರ ಮೊಮ್ಮಕ್ಕಳು.

ಆ ಗುಮಾಸ್ತರು ಕನ್ನಡಕ ತೆಗೆದು, "ಜೈಲಿಗೆ ಹೋದವನದ್ದೂ ಅಲ್ಲ, ಹರಾಜಲ್ಲಿ ಹಿಡಿದವನದ್ದೂ ಅಲ್ಲ ನೋಡಿ ಕಡೆಗೆ" ಅಂತ ನಕ್ಕರು. ನಮ್ಮ ಕಾರ್ಯಕ್ರಮದ ರೂಪ ಆಗಲೇ ಗೊತ್ತಾಗಿದ್ದು. ಇಡೀ ಸ್ವಾತಂತ್ರ್ಯ ಹೋರಾಟ ಹೇಳುವುದು ಬೇಡ, ಈ ಗದ್ದೆಯ ಕಥೆ ಹೇಳಿದರೆ ಸಾಕು.

ಯಾವ ರೂಪದಲ್ಲಿ ಹೇಳುವುದು? ನಾಟಕ ಅಂದರು. ನಾಟಕ ಮಾಡಿದರೆ ಹರಾಜು ಕೊಂಡವನಿಗೆ ಕಪ್ಪು ಕೋಟು, ದಪ್ಪ ಮೀಸೆ, ಕೆಟ್ಟ ನಗು, ಇದು ತಪ್ಪುವುದಿಲ್ಲ. ಹವ್ಯಾಸಿ ಭಾಗವತರು ಒಬ್ಬರು "ತಾಳಮದ್ದಳೆ ಮಾಡುವ" ಅಂದರು. ಕೇಳಿ ಕೆಲವರು ನಕ್ಕರು, 1932ರ ಕಂದಾಯಕ್ಕೆ ಚಂಡೆ-ಮದ್ದಳೆನಾ ಅಂತ. ಆದರೆ ಯೋಚನೆ ಮಾಡಿದಷ್ಟೂ ಅದೇ ಸರಿ ಅನ್ನಿಸಿತು. ತಾಳಮದ್ದಳೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ-ಶಲ್ಯದಲ್ಲಿ ಎದುರುಬದುರು ಕೂತು ಪಾತ್ರವಾಗಿ ವಾದ ಮಾಡುತ್ತಾರೆ. ಮಾತು ಮೊದಲೇ ಬರೆದಿರುವುದಿಲ್ಲ. ಕೌರವನ ಅರ್ಥ ಹೇಳುವವನು ಕೌರವನ ಪರವಾಗಿ ಪೂರ್ತಿ ಶಕ್ತಿ ಹಾಕಿ ಮಾತಾಡಲೇಬೇಕು. ವಾಲಿ ರಾಮನನ್ನು ಪ್ರಶ್ನೆ ಕೇಳಿ ಬೆವರಿಳಿಸದಿದ್ದರೆ ಜನ ಎದ್ದು ಹೋಗುತ್ತಾರೆ. ಎದುರಾಳಿಗೆ ಬಾಯಿ ಕೊಡುವುದು ಅಲ್ಲಿ ದೊಡ್ಡ ಮನಸ್ಸಿನ ಮಾತಲ್ಲ, ಆಟದ ನಿಯಮ. ನಮಗೆ ಬೇಕಾಗಿದ್ದೂ ಅದೇ ಅಲ್ವಾ?

ಭಾಗವತರು ಪದ್ಯ ಕಟ್ಟಿದರು. ಭಾಮಿನಿ, ವಾರ್ಧಕ ಎಲ್ಲ ಹಾಕಿ, ಜಪ್ತಿ, ಪಂಚನಾಮೆ, ಮಾಮಲೇದಾರ ಅನ್ನುವ ಶಬ್ದಗಳನ್ನು ತಾಳಕ್ಕೆ ಕೂರಿಸಲು ಬಹಳ ಒದ್ದಾಡಿದರು. ಪಾತ್ರಗಳಿಗೆ ಹೆಸರು ಇಡಲಿಲ್ಲ. ಗದ್ದೆ ಕಳೆದುಕೊಂಡ ಕೆಳಗಿನ ಮನೆಯವ, ಅದನ್ನು ಕೊಂಡ ಮೇಲಿನ ಮನೆಯವ, ಕೆಳಗಿನ ಮನೆಯ ಹೆಂಡತಿ, ತಾಲ್ಲೂಕಿನ ಕಂದಾಯ ಅಧಿಕಾರಿ ಮಾಮಲೇದಾರ, ಅಷ್ಟೇ. ಕೊಂಡವನ ಪಾತ್ರಕ್ಕೆ ಯಾರೂ ಮುಂದೆ ಬರುವುದಿಲ್ಲ ಅಂದುಕೊಂಡಿದ್ದೆವು. ತಾಲ್ಲೂಕಿನ ಒಳ್ಳೆಯ ಅರ್ಥಧಾರಿಯೊಬ್ಬರು ಕೇಳಿ ಹಾಕಿಸಿಕೊಂಡರು. "ಜೈಲಿಗೆ ಹೋದವನದ್ದು ಯಾರು ಬೇಕಾದ್ರೂ ಹೇಳ್ತಾರೆ ಮಾರಾಯ್ರೆ, ಇವನ ಅರ್ಥದಲ್ಲಿ ಕೆಲಸ ಇದ್ದು" ಅಂದರು. ಹೆಂಡತಿಯ ಪಾತ್ರಕ್ಕೆ ಮಹಿಳಾ ತಾಳಮದ್ದಳೆ ಕೂಟದಲ್ಲಿ ಅರ್ಥ ಹೇಳಿ ಪಳಗಿದ ಅಕ್ಕ. ಇಬ್ಬರಿಗೂ ನಮ್ಮ ರೆಕಾರ್ಡಿಂಗ್ ಕೊಟ್ಟೆವು, ಕಾಗದದ ನಕಲು ಕೊಟ್ಟೆವು. ಅವರವರ ತಯಾರಿ ಅವರವರದು. ಒಟ್ಟಿಗೆ ಕೂತು ಅಭ್ಯಾಸ ಬೇಡ ಅಂತ ಭಾಗವತರದ್ದೇ ಹಠ.

ಈ ನಡುವೆ ಗೋಡೆಯ ಕೆಲಸ. ನಮ್ಮ ಕಡೆ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಗೊತ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಸುಟ್ಟ ಅಕ್ಕಿಯ ಕಪ್ಪು. ಕುಂಚ ಅಂದರೆ ಪುಂಡಿ ನಾರು. ಮದುವೆ ಮನೆಯಲ್ಲಿ ಬರೆಯುವ ಆ ಚಿತ್ತಾರದ ರೀತಿಯಲ್ಲೇ ಕರನಿರಾಕರಣೆ ಬರೆದುಕೊಡಿ ಅಂತ ಕೇಳಿದೆವು. ಹಿರಿಯ ಚಿತ್ತಾರಗಾರ್ತಿ ಒಬ್ಬರು ಇಡೀ ಕಥೆ ಕೇಳಿಸಿಕೊಂಡರು. ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆಮೇಲೆ ಕೇಳಿದರು: "ಗದ್ದೆ ಜಪ್ತಿ ಆದ ವರ್ಷ ಗೇಣಿ ಭತ್ತ ಯಾರಿಗೆ ಅಳೆದ್ರು?"

ನಾವು ಇಷ್ಟು ದಿನ ಓಡಾಡಿದ್ದೆವು, ಯಾರ ತಲೆಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕಂದಾಯ ಕಟ್ಟಬಾರದು ಅಂತ ತೀರ್ಮಾನ ಮಾಡಿದ್ದು ಜಮೀನಿದ್ದವರು. ಉತ್ತವರು ಬೇರೆ. ಜೈಲಿಗೆ ಹೋದ ಒಡೆಯನ ಹೆಂಡತಿಗೆ ಅಳೆಯಬೇಕೋ, ಹರಾಜಲ್ಲಿ ಹಿಡಿದ ಹೊಸ ಒಡೆಯನಿಗೋ? ಗೇಣಿ ಮಾಡಿದ್ದ ಆ ಚಿತ್ತಾರಗಾರ್ತಿಯ ಮನೆಯಲ್ಲಿ ಉಳಿದ ಮಾತು ಏನೆಂದರೆ, ಇಬ್ಬರೂ ಕೇಳಿದರು, ಆ ವರ್ಷ ತಮಗೆ ಉಣ್ಣಲು ಉಳಿಯಲಿಲ್ಲ. ಹೋರಾಟ ತಪ್ಪು ಅಂತ ಆ ಅಮ್ಮ ಹೇಳಲಿಲ್ಲ. ಗಾಂಧೀಜಿ 1934ರಲ್ಲಿ ಸಿದ್ದಾಪುರಕ್ಕೆ ಬಂದಾಗ ತಮ್ಮ ಮನೆಯವರೂ ನೋಡಲು ಹೋಗಿದ್ದರು ಅಂತ ಹೆಮ್ಮೆಯಿಂದಲೇ ಹೇಳಿದರು. ಲೆಕ್ಕ ಮಾತ್ರ ಲೆಕ್ಕ.

ಅವರು ಗೋಡೆಯಲ್ಲಿ ಬರೆದಿದ್ದು ನಡುವೆ ಭತ್ತ ಅಳೆಯುವ ಒಂದು ದೊಡ್ಡ ಕೊಳಗ. ಎರಡು ಕಡೆ ಎರಡು ಮನೆ, ಸುತ್ತ ಭತ್ತದ ಸಸಿ, ಬಾಗಿಲಲ್ಲಿ ಸಾಲಾಗಿ ಕೂತ ಹೆಂಗಸರು, ಎಲ್ಲ ಆ ಚಿತ್ತಾರದ ಗೆರೆಯಲ್ಲೇ. ಕೊಳಗ ಯಾಕೆ ಅಂತ ಸಾಗರದ ಕಡೆಯವರಿಗೆ ಹೇಳಬೇಕಾಗಿಲ್ಲ. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದಲೇ 1951ರಲ್ಲಿ ಅಲ್ಲಿಯ ಕಾಗೋಡು ಸತ್ಯಾಗ್ರಹ ಎದ್ದಿದ್ದು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸ್ವಾತಂತ್ರ್ಯ ಬಂದು ಆಗಲೇ ನಾಲ್ಕು ವರ್ಷ ಆಗುತ್ತಾ ಬಂದಿತ್ತು. ಅದನ್ನು 75ನೇ ವರ್ಷದ ಗೋಡೆಯಲ್ಲಿ ತರುವುದು ಸರಿಯಾ ಅಂತ ಒಂದಿಬ್ಬರು ಗೊಣಗಿದರು. ನನಗೆ ಕೇಳಿದರೆ ಅದಿಲ್ಲದೆ ಆ ಗೋಡೆ ಬರೀ ಅಲಂಕಾರ. ಭಾಗವತರು ಮರುದಿನವೇ ಇನ್ನೊಂದು ಪಾತ್ರ ಸೇರಿಸಿ ಪದ್ಯ ಬರೆದರು, ಕೊಳಗ ಹಿಡಿದು ಎರಡು ಮನೆಯ ನಡುವೆ ನಿಂತ ಗೇಣಿದಾರ.

ಬಾವುಟದ ವಿಷಯ ಒಂದು ಮಾತಲ್ಲಿ ಮುಗಿಸುತ್ತೇನೆ. ಆ ವರ್ಷ ಮನೆ ಮನೆಯಲ್ಲೂ ತಿರಂಗಾ ಅಂತ ಆಗಸ್ಟ್ 13ರಿಂದ 15ರವರೆಗೆ ಅಭಿಯಾನ ಇತ್ತು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ ಸಿಗುತ್ತಿತ್ತು. 2021ರ ಕೊನೆಯಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆ ಎಲ್ಲ ನಡೆಯುತ್ತದೆ ಅಂದಿದ್ದರು, 2022ರ ಜುಲೈನಲ್ಲಿ ರಾತ್ರಿಯೂ ಹಾರಿಸಬಹುದು ಅಂತ ಮಾಡಿದ್ದರು. ಮನೆಗಳ ಮೇಲೆ ಅವೇ ಹಾರಿದವು, ಮಲೆನಾಡಿನ ಆಗಸ್ಟ್ ಮಳೆಗೆ ಒಣಗುವುದು ಪಾಲಿಯೆಸ್ಟರೇ ಅನ್ನುವುದೂ ನಿಜ. ಸಭೆಯ ಕಂಬಕ್ಕೆ ಮಾತ್ರ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟವೇ ಬೇಕು ಅಂತ ಮೇಷ್ಟ್ರು ಪಟ್ಟು ಹಿಡಿದು ತರಿಸಿದರು. ಅಲ್ಲಿಯ ನೇಕಾರರು, ಹೊಲಿಯುವ ಹೆಂಗಸರು ಆ ತಿದ್ದುಪಡಿಯಿಂದ ಕಂಗಾಲಾಗಿದ್ದ ಸಮಯ ಅದು. ನಾವು ಒಂದು ಬಾವುಟ ಕೊಂಡರೆ ಏನೂ ಆಗಲ್ಲ, ಗೊತ್ತು. ಆದರೂ.

ಕಾರ್ಯಕ್ರಮ ಆಗಸ್ಟ್ 14ರ ಸಂಜೆಗೆ ಇಟ್ಟೆವು. 15ರ ಬೆಳಿಗ್ಗೆ ಎಲ್ಲ ಕಡೆ ಧ್ವಜಾರೋಹಣ ಇರುತ್ತದೆ. ಇಲ್ಲೊಂದು ಸ್ಥಳೀಯ ಕಷ್ಟ. ಅಡಿಕೆ ತೋಟದವರು ಮಳೆಗಾಲದಲ್ಲಿ ಸ್ವಲ್ಪ ಹೊಳವಾದರೂ ಕೊಳೆ ಔಷಧಿ ಹೊಡೆಸಲು ಓಡುತ್ತಾರೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುವುದೇ ದುರ್ಲಭ, ಸಿಕ್ಕ ದಿನ ಸ್ವಾತಂತ್ರ್ಯವೂ ಇಲ್ಲ ಮದುವೆಯೂ ಇಲ್ಲ. ಅವತ್ತು ಪುಣ್ಯಕ್ಕೆ ಧಾರಾಕಾರ ಮಳೆ. ಹಾಗಾಗಿ ಸಭಾಭವನ ತುಂಬಿತು. ತುಂಬಿದ ಮೇಲೆ ಕರೆಂಟು ಹೋಯಿತು. "ಆ ಮನೆ"ಯವರ ಜನರೇಟರ್ ಬಂತು. ಇದನ್ನು ನಾವು ಯೋಜನೆ ಮಾಡಿರಲಿಲ್ಲ, ಆದರೆ ಹರಾಜಿನ ಕಥೆ ಹೇಳಲು ಅವರ ಮನೆಯ ದೀಪ ಉರಿಯಿತು ಅಂತ ಆಮೇಲೆ ಊರೆಲ್ಲ ತಮಾಷೆ.

ಪ್ರದರ್ಶನದ ಮೇಜಿನ ಹತ್ತಿರ ಮಕ್ಕಳೇ ನಿಂತು ವಿವರಿಸಿದರು. ಗದ್ದೆಯ ಕಾಗದಗಳ ನಕಲನ್ನು ಒಂದರ ಕೆಳಗೊಂದು ಅಂಟಿಸಿದ್ದೆವು. ಒಬ್ಬ ಹುಡುಗ ಇನ್ನೊಂದು ವಿಷಯ ಹಿಡಿದುಕೊಂಡು ಎಲ್ಲರಿಗೂ ಹೇಳುತ್ತಿದ್ದ. 1947ರ ಆಗಸ್ಟ್ 15ಕ್ಕೆ ನಮ್ಮ ಈ ಕಡೆ ಬಾವುಟ ಏರಿತು, ಆದರೆ ಆಚೆ ಸಾಗರದ ಕಡೆ ಇನ್ನೂ ಮಹಾರಾಜರ ಆಡಳಿತವೇ. ಅಲ್ಲಿಯ ಜನ ಸೆಪ್ಟೆಂಬರ್ 1ರಿಂದ ಮೈಸೂರು ಚಲೋ ಚಳವಳಿ ಮಾಡಿ, ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದ ಮೇಲೆ ಜವಾಬ್ದಾರಿ ಸರ್ಕಾರ ಬಂತು. ಕಲಬುರಗಿ, ಬೀದರ್, ರಾಯಚೂರಿಗೆ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. "ಅಂದ್ರೆ ನಮ್ಮ ದನ ಅಡಗಿಸಿಟ್ಟ ನೆಂಟರಿಗೆ ನಮಗಿಂತ ತಡವಾಗಿ ಸ್ವಾತಂತ್ರ್ಯ" ಅಂತ ಅವನ ಲೆಕ್ಕಾಚಾರ. ಯಾರೂ ಹೇಳಿಕೊಟ್ಟಿದ್ದಲ್ಲ.

ತಾಳಮದ್ದಳೆ ಶುರುವಾಯಿತು. ಮೊದಲ ಅರ್ಧ ಗಂಟೆ ಸ್ವಲ್ಪ ಬಿಗಿ ಇತ್ತು, ಜನ ಆ ಮೊಮ್ಮಗನ ಮುಖ ನೋಡುತ್ತಿದ್ದರು. ಕೊಂಡವನ ಪೀಠಿಕೆ ಬಂದ ಮೇಲೆ ಎಲ್ಲರೂ ವೇದಿಕೆ ಕಡೆ ತಿರುಗಿದರು. ಅವನ ವಾದ ಹೀಗಿತ್ತು: ಅಡಿಕೆಗೆ ದರ ನೆಲಕಚ್ಚಿದೆ, ನನಗೂ ಸಾಲ ಇದೆ. ನೀವು ಜೈಲಿಗೆ ಹೋಗಿ ಹೂವಿನ ಹಾರ ಹಾಕಿಸಿಕೊಳ್ಳುತ್ತೀರಿ, ನನಗೆ ಜೈಲಿಗೆ ಹೋಗಲು ಧೈರ್ಯವಿಲ್ಲ, ಅದು ನಿಜ. ಈ ಗದ್ದೆ ಹರಾಜಿಗೆ ಬಂದಾಗ ನಾನು ಕೂಗದಿದ್ದರೆ ಹೊರಗಿನ ಯಾರೋ ಕೂಗುತ್ತಿದ್ದ. ಅವನ ಹತ್ತಿರ ನಾಳೆ ಹೋಗಿ ವಾಪಸ್ ಕೇಳಲು ಆಗುತ್ತಿತ್ತಾ? ನನ್ನ ಹತ್ತಿರವಾದರೆ ನೀವು ಬಾಗಿಲಿಗೆ ಬಂದು ಕೂರಬಹುದು, ಕೂತಿದ್ದೀರಿ.

ಹೆಂಡತಿಯ ಪಾತ್ರದ ಅಕ್ಕ ತುಂಬ ಹೊತ್ತು ಉತ್ತರ ಕೊಡಲಿಲ್ಲ. ಮದ್ದಳೆ ಒಂದೇ ನುಡಿಯುತ್ತಿತ್ತು. ಆಮೇಲೆ ಅಂದರು, "ವಾಪಸ್ ಕೊಡಬೇಕು ಅಂತ ಕೊಂಡಿದ್ದರೆ, ಕೊಂಡ ದಿನವೇ ನಮ್ಮ ಮನೆಗೆ ಬಂದು ಹೇಳಿ ಹೋಗಬೇಕಿತ್ತು. ನೀವು ಬಂದಿಲ್ಲ. ನಾವೇ ಬಂದಿದ್ದೇವೆ, ಊಟ ಬಿಟ್ಟು ಬಂದಿದ್ದೇವೆ." ಚಪ್ಪಾಳೆ ನಿಲ್ಲಲು ಹೊತ್ತಾಯಿತು. ಅದಕ್ಕೆ ಕೊಂಡವನು ಏನು ಹೇಳುತ್ತಾನೆ ಅಂತ ಕಾದರೆ ಅಷ್ಟರಲ್ಲಿ ಗೇಣಿದಾರ ಕೊಳಗ ಹಿಡಿದು ಎದ್ದ. "ಒಡೆಯಾ, ಅಮ್ಮಾ, ನಿಮ್ಮ ಮಾತು ಮುಗೀಲಿ, ನಾ ಕಾಯ್ತೆ. ಆದರೆ ಭತ್ತ ಮೊಳಕೆ ಬರ್ತಾ ಉಂಟು, ಯಾರ ಮನೆಗೆ ಹೊರಲಿ?" ಸಭೆ ನಕ್ಕಿತು, ಹಿಂದೆ ನಿಂತಿದ್ದವರು ಶಿಳ್ಳೆ ಹೊಡೆದರು. ವೇದಿಕೆಯ ಮೇಲಿದ್ದ ಇಬ್ಬರು ಘಟಾನುಘಟಿ ಅರ್ಥಧಾರಿಗಳಿಗೂ ತಕ್ಷಣ ಮಾತು ಹೊಳೆಯಲಿಲ್ಲ. ಮಾಮಲೇದಾರ ಪಾತ್ರಧಾರಿ ಮಧ್ಯೆ ಬಾಯಿ ಹಾಕಿ, "ಸರ್ಕಾರಕ್ಕೆ ಹೊರು" ಅಂದು ಅವರನ್ನು ಉಳಿಸಿದರು. ಒಂಬತ್ತಕ್ಕೆ ಮುಗಿಸಬೇಕು ಅಂತಿದ್ದದ್ದು ಹನ್ನೊಂದು ದಾಟಿತು. ಕೊನೆಗೆ ಭಾಗವತರೇ ವಾದ ತುಂಡು ಮಾಡಿ ಮಂಗಳ ಹಾಡಿದರು. ಇಲ್ಲದಿದ್ದರೆ ಧ್ವಜಾರೋಹಣಕ್ಕೆ ಅಲ್ಲಿಂದಲೇ ಹೋಗಬೇಕಾಗುತ್ತಿತ್ತು.

ಮುಗಿದ ಮೇಲೆ ಯಾರೂ ತಬ್ಬಿಕೊಂಡು ಅಳಲಿಲ್ಲ. ಕುಂಕುಮದ ಬಟ್ಟಲಿನ ಅಜ್ಜಿ, ಕೊಂಡವನ ಅರ್ಥ ಹೇಳಿದವರನ್ನು ಕರೆದು "ಚೊಲೊ ಹೇಳಿದ್ರಿ, ಆದರೆ ನಿಮ್ಮ ವಾದ ಸರಿ ಇಲ್ಲೆ" ಅಂದರು. ಅವರು ಕೈ ಮುಗಿದರು. ಆ ಮೊಮ್ಮಗ ಜನರೇಟರಿನ ಡೀಸೆಲ್ ದುಡ್ಡು ತೆಗೆದುಕೊಳ್ಳಲಿಲ್ಲ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಊರಿನ ವಂತಿಗೆಯಲ್ಲೇ ಆಯಿತು. ಕಲಾವಿದರು ಸಂಭಾವನೆ ಕಡಿಮೆ ತೆಗೆದುಕೊಂಡರು, ಚಿತ್ತಾರಗಾರ್ತಿಗೆ ಮಾತ್ರ ಪೂರ್ತಿ ಕೊಟ್ಟೆವು, ಅದರಲ್ಲಿ ಚೌಕಾಸಿ ಮಾಡಬಾರದು. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಫೋಟೊ ಮತ್ತು ಸೇರಿದ ಜನರ ಸಂಖ್ಯೆ ಕೇಳಿದ್ದರು, ಕಳಿಸಿದೆವು. ಆ ಅಜ್ಜಿಯ ಮಾತಿಗೆ ಅದರಲ್ಲಿ ಕಾಲಂ ಇರಲಿಲ್ಲ. ರೆಕಾರ್ಡಿಂಗ್‌ಗಳನ್ನು ಮೂರು ಕಡೆ ಇಟ್ಟಿದ್ದೇವೆ, ಶಾಲೆ, ಗ್ರಂಥಾಲಯ, ಸೊಸೈಟಿಯ ಕಪಾಟು. ಮಾತಾಡಿದ ಪ್ರತಿಯೊಬ್ಬರಿಂದ, ಇದನ್ನು ಯಾರು ಬೇಕಾದರೂ ಕೇಳಬಹುದೋ ಊರಿನವರು ಮಾತ್ರವೋ ಅಂತ ಬರೆಸಿಕೊಂಡಿದ್ದೇವೆ. ಇದನ್ನು ಮೊದಲ ದಿನದಿಂದಲೇ ಮಾಡಿ. ಆಮೇಲೆ ಕೇಳಲು ಹೋದರೆ ಕೆಲವರು ಇರುವುದಿಲ್ಲ.

ಕಾರ್ಯಕ್ರಮ ಕಳೆದು ದೀಪಾವಳಿ ಹೊತ್ತಿಗೆ ಆ ಮೊಮ್ಮಗ ಒಂದು ಹಳೆ ಪತ್ರ ಹಿಡಿದುಕೊಂಡು ಬಂದರು, ಅಟ್ಟ ಗುಡಿಸುವಾಗ ಸಿಕ್ಕಿದ್ದು. ಹೆಂಗಸರು ಬಾಗಿಲಲ್ಲಿ ಕೂತ ಮೇಲೆ ಅಜ್ಜ ಗದ್ದೆಯನ್ನು ತಾನೇ ಬಿಟ್ಟುಕೊಡುತ್ತೇನೆ ಅಂತ ಬರೆದ ಕಾಗದ, ಸರ್ಕಾರ ಬದಲಾಗುವುದಕ್ಕಿಂತ ಮೊದಲಿನದ್ದು. ಕೆಳಗಿನ ಮನೆಯವರು ಒಪ್ಪುವುದಿಲ್ಲ. ಬರೆದಿರಬಹುದು, ನಮಗೆ ತಲುಪಿಲ್ಲ, ಗದ್ದೆ ಬಂದಿದ್ದು 1937ರ ನಂತರವೇ ಅನ್ನುತ್ತಾರೆ. ಎರಡೂ ಮನೆಯ ಹೇಳಿಕೆಯನ್ನು ಅವರವರ ಸಹಿ ಹಾಕಿಸಿ ನಮ್ಮ ಪುಸ್ತಕಕ್ಕೆ ಸೇರಿಸಿದ್ದೇವೆ. ಆ ವರ್ಷಗಳ ಹಕ್ಕು ಬದಲಾವಣೆಯ ಪುಟ ನಮ್ಮ ನಕಲಿನಲ್ಲಿ ಇಲ್ಲ. ಅದಕ್ಕೆ ಮತ್ತೆ ಅರ್ಜಿ ಕೊಟ್ಟಿದ್ದೇವೆ, ಈ ಸಲ ಎರಡೂ ಮನೆಯವರು ಸೇರಿ ಸಹಿ ಹಾಕಿದ್ದಾರೆ.